ತಾಮ್ಹಿಣಿಯಿಂದ ಸುಪೆಗೆ: ಹಳೇ ಚೇತಕ್ ಮೇಲೆ ಚಳಿಗಾಲದ ಪುಣೆ

ಪುಣೆಯ ಬೆಟ್ಟ ನೋಡಲು ಜನ ಮುಗಿಬೀಳುವುದು ಮಳೆಗಾಲದಲ್ಲಿ. ಜುಲೈ ತಿಂಗಳ ಭಾನುವಾರ ತಾಮ್ಹಿಣಿ ಘಾಟಿಯಲ್ಲಿ ಜಲಪಾತಗಳಿಗಿಂತ ಕಾರುಗಳೇ ಹೆಚ್ಚು. ಈ ಜಿಲ್ಲೆಯ ಅಸಲಿ ಸೋಜಿಗ ಕಾಣಬೇಕಾದರೆ ಮಾತ್ರ ಜನವರಿಯಲ್ಲಿ ಬರಬೇಕು, ಪಶ್ಚಿಮದ ಅಂಚಿನಿಂದ ಪೂರ್ವಕ್ಕೆ ನಿಧಾನವಾಗಿ ಹೋಗಬೇಕು. ಸುಮಾರು 130 ಕಿ.ಮೀ. ದಾರಿಯಲ್ಲಿ ಮಲೆನಾಡು ಮುಗಿದು, ಚಿಂಕಾರ ಹುಲ್ಲೆಗಳು ಮೇಯುವ ಕುರುಚಲು ಬಯಲು ಶುರುವಾಗುತ್ತದೆ. ಥಾರ್ ಮರುಭೂಮಿಯ ಮರಳುದಿಬ್ಬ ಇಲ್ಲಿಲ್ಲ, ಅಲ್ಲಿಯ ಜೀವಗಳು ಇವೆ.

ನಿಧಾನಕ್ಕೆ ತಕ್ಕ ವಾಹನವನ್ನು ಪುಣೆಯೇ ಕೊಟ್ಟಿದೆ. ಬಜಾಜ್ ಚೇತಕ್ 1972ರಲ್ಲಿ ಬಂತು. ಕಾರ್ಖಾನೆ ಇಲ್ಲೇ ಆಕುರ್ಡಿಯಲ್ಲಿ. ಹಣ ಕಟ್ಟಿ ವರ್ಷಗಟ್ಟಲೆ ಕಾದು ತಂದ ಸ್ಕೂಟರುಗಳು ಈ ಊರಿನ ಹಳೆಯ ಪೇಟೆಗಳಲ್ಲಿ ಇನ್ನೂ ಓಡುತ್ತಿವೆ. 2020ರಲ್ಲಿ ಅದೇ ಹೆಸರು ವಿದ್ಯುತ್ ಸ್ಕೂಟರಾಗಿ ಮರಳಿತು, ಆದರೆ ಅದಕ್ಕೆ ಚಳಿಯಲ್ಲಿ ಪೂಜೆ ಬೇಕಿಲ್ಲ. ಹಳೆಯದಕ್ಕೆ ಬೇಕು: ಚೋಕ್ ಎಳೆದು, ಗಾಡಿಯನ್ನು ಒಂದು ಮಗ್ಗುಲಿಗೆ ವಾಲಿಸಿ, ಪೆಟ್ರೋಲು ಕಾರ್ಬ್ಯುರೇಟರಿಗೆ ಇಳಿಯುವಷ್ಟು ಹೊತ್ತು ಹಿಡಿದು, ಆಮೇಲೆ ಕಿಕ್. ಎಡಗೈ ಹಿಡಿಕೆಯಲ್ಲೇ ಗೇರು. ಘಾಟಿಯಲ್ಲಿ ಎರಡನೇ ಗೇರಿಗೆ ಬಿದ್ದರೆ ಪಕ್ಕದ ಸೈಕಲ್ಲಿನವನ ಜೊತೆ ಮಾತಾಡುತ್ತಾ ಹೋಗಬಹುದು.

ತಾಮ್ಹಿಣಿಯಲ್ಲಿ ವರ್ಷಕ್ಕೆ ಸುಮಾರು ಆರು ಸಾವಿರ ಮಿ.ಮೀ. ಮಳೆ. ಅರಬ್ಬಿ ಸಮುದ್ರದ ಮೋಡ ಸಹ್ಯಾದ್ರಿಯ ಗೋಡೆಗೆ ಬಡಿದು ಇದ್ದಬದ್ದದ್ದನ್ನೆಲ್ಲ ಇಲ್ಲೇ ಸುರಿಯುತ್ತದೆ. ಗುಡ್ಡ ದಾಟಿ ಇಳಿಯುವ ಗಾಳಿಯಲ್ಲಿ ಹನಿ ಉಳಿದಿರುವುದಿಲ್ಲ. ಪುಣೆ ನಗರಕ್ಕೆ ಬರುವಷ್ಟರಲ್ಲಿ ಮಳೆ ಏಳುನೂರರ ಆಸುಪಾಸು, ಸುಪೆಯ ಕಡೆ ಐನೂರಕ್ಕೂ ತತ್ವಾರ. ಜನವರಿಯ ಬೆಳಗ್ಗೆ ಮುಳ್ಶಿ ಕೆರೆಯ ಪಕ್ಕ ಮಂಜು ಕೈಬೆರಳಿಗೆ ಒದ್ದೆಯಾಗಿ ಅಂಟುತ್ತದೆ. ಈ ಕೆರೆಯ ಅಣೆಕಟ್ಟಿಗೆ ಎದುರಾಗಿ 1921ರಲ್ಲಿ ರೈತರು ಸೇನಾಪತಿ ಬಾಪಟ್ ಜೊತೆ ಸತ್ಯಾಗ್ರಹ ಹೂಡಿದ್ದರು. ಹೊಲ ಮುಳುಗಿತು, ಟಾಟಾ ವಿದ್ಯುತ್ ಯೋಜನೆ ಎದ್ದು ನಿಂತಿತು. ಪೂರ್ವಕ್ಕೆ ಹರಿಯಬೇಕಿದ್ದ ನೀರು ಇಂದಿಗೂ ಘಟ್ಟದ ಕೆಳಗಿನ ಭೀರಾದಲ್ಲಿ ಟರ್ಬೈನು ತಿರುಗಿಸಿ ಪಶ್ಚಿಮದ ಸಮುದ್ರ ಸೇರುತ್ತದೆ. ಇದೇ ಜಿಲ್ಲೆಯ ಇನ್ನೊಂದು ತುದಿಯಲ್ಲಿ ಬೇಸಿಗೆಗೆ ಟ್ಯಾಂಕರ್ ಬರುತ್ತದೆ. ದಾರಿಯುದ್ದಕ್ಕೂ ನನ್ನ ತಲೆಯಲ್ಲಿ ಕೊರೆದದ್ದು ಇದೇ ಲೆಕ್ಕ.

ಪೌಡ್, ಪಿರಂಗುಟ್, ಚಾಂದನಿ ಚೌಕ್. ನಗರದ ಬಗ್ಗೆ ಹೇಳುವುದೇನಿಲ್ಲ, ಹಡಪ್ಸರ್ ದಾಟಿದರೆ ಸಾಕು ಅನಿಸುತ್ತದೆ. ಆಚೆಗೆ ದಿವೆ ಘಾಟಿ. ಆಷಾಢ ಏಕಾದಶಿಗೆಂದು ಜ್ಞಾನೇಶ್ವರರ ಪಾಲಕಿ ಪಂಢರಪುರಕ್ಕೆ ಹತ್ತಿ ಹೋಗುವ ಏರು ಇದು. ಚಳಿಗಾಲದಲ್ಲಿ ಇಲ್ಲಿ ಬೇರೆಯದೇ ಯಾತ್ರೆ. ದೀಪಾವಳಿ ಕಳೆದ ಮೇಲೆ ಬಾರಾಮತಿ, ಫಲ್ಟಣ ಸೀಮೆಯ ಧನಗರರು ಕುರಿ ಹಿಂಡಿನೊಂದಿಗೆ ಕೊಂಕಣದತ್ತ ಹೊರಡುತ್ತಾರೆ. ನಮ್ಮ ಕುರುಬರಂತೆಯೇ ಹೊಲದಲ್ಲಿ ಮಂದೆ ನಿಲ್ಲಿಸಿ, ಗೊಬ್ಬರಕ್ಕೆ ಬದಲಾಗಿ ಕಾಳುಕಡಿ ಪಡೆಯುತ್ತಾರೆ, ಮುಂಗಾರಿಗೆ ವಾಪಸು. ತಡವಾಗಿ ಹೊರಟ ಒಂದು ಹಿಂಡಿಗೆ ದಾರಿ ಬಿಟ್ಟು ನಿಂತೆ. ಕುದುರೆಯ ಬೆನ್ನ ಮೇಲೆ ಹಾಸಿಗೆ, ಪಾತ್ರೆ, ಕಾಲು ಕಟ್ಟಿದ ಕೋಳಿ. ಪಕ್ಕದ ಚೀಲದಿಂದ ತಲೆ ಹೊರಹಾಕಿದ ಅಂದಿನದೋ ನಿನ್ನೆಯದೋ ಮರಿ. ಸ್ಕೂಟರಿನ ಸದ್ದಿಗೆ ಕುದುರೆ ಕಿವಿಯನ್ನೂ ಆಡಿಸಲಿಲ್ಲ.

ಸಾಸವಡದಲ್ಲಿ ಪುರಂದರದ ಅಂಜೂರ ಬುಟ್ಟಿಗಟ್ಟಲೆ ಸಿಗುತ್ತದೆ. 2016ರಲ್ಲಿ ಭೌಗೋಳಿಕ ಸೂಚ್ಯಂಕ ಪಡೆದ ಹಣ್ಣು, ತೆಳು ಸಿಪ್ಪೆ. ಚೀಲದಲ್ಲಿಟ್ಟರೆ ಕೆಟ್ಟೀತು, ನಿಂತೇ ತಿನ್ನಬೇಕು. ಮುಂದೆ ಜೇಜುರಿ. ಕನ್ನಡಿಗರಿಗೆ ಇದು ಪರವೂರಲ್ಲ. ಇಲ್ಲಿಯ ಖಂಡೋಬನೇ ನಮ್ಮ ಮೈಲಾರಲಿಂಗ. ಉತ್ತರ ಕರ್ನಾಟಕದಿಂದ ಪುಣೆಗೆ ಬಂದು ನೆಲೆಸಿದ ಎಷ್ಟೋ ಮನೆಗಳವರಿಗೆ ಹೊಸ ಗಾಡಿ ಕೊಂಡರೆ ಮೊದಲ ಓಟ ಇಲ್ಲಿಗೇ. ಮೆಟ್ಟಿಲಿಳಿಯುವಾಗ ಹಣೆ, ಅಂಗಿ, ಚಪ್ಪಲಿ ಎಲ್ಲ ಭಂಡಾರದ ಹಳದಿ.

ಜೇಜುರಿಯಿಂದಾಚೆ ರಸ್ತೆ ಕರ್ಹಾ ನದಿಯ ಜೊತೆ ಸಾಗುತ್ತದೆ. ತುಟಿ ಒಡೆಯುವ ಒಣ ಚಳಿ. ಅಷ್ಟವಿನಾಯಕದ ಮೊದಲ ಕ್ಷೇತ್ರ ಮೋರಗಾಂವ್ ದಾಟಿದರೆ ಸುಪೆ. ಅಲ್ಲಿ ಮಯೂರೇಶ್ವರ ವನ್ಯಧಾಮ. ಕೇವಲ 5.14 ಚದರ ಕಿ.ಮೀ. ಚಿಂಕಾರಕ್ಕೆಂದು 1997ರಲ್ಲಿ ಘೋಷಿಸಿದ್ದು. ರಾಜಸ್ಥಾನದ ಈ ರಾಜ್ಯಪ್ರಾಣಿಗೆ ನೀರು ಸಿಗದಿದ್ದರೂ ಎಲೆಯಲ್ಲಿರುವ ತೇವವೇ ದಿನಗಟ್ಟಲೆ ಸಾಕು. ಮಣ್ಣಿನ ಬಣ್ಣದಲ್ಲಿ ಬೆರೆತು ನಿಂತದ್ದನ್ನು ಕಣ್ಣು ಹಿಡಿಯುವುದು ಕಷ್ಟ. ಬಾಲ ಅಲ್ಲಾಡಿದಾಗಲೇ ಗೊತ್ತಾಗುವುದು. ಹೆಣ್ಣಿಗೂ ಕೊಂಬುಂಟು. ಗಾಬರಿಯಾದರೆ ಕಾಲು ನೆಲಕ್ಕೆ ಕುಟ್ಟಿ ಸೀನಿದಂತೆ ಸದ್ದು ಮಾಡುತ್ತದೆ. ಹುಲ್ಲಿನ ಮೇಲೆ ತೀರಾ ಕೆಳಗೆ ತೇಲುವ ಸೆಳೆವ (ಹ್ಯಾರಿಯರ್) ಹಕ್ಕಿಗಳು ಚಳಿಗಾಲ ಕಳೆಯಲು ಮಧ್ಯ ಏಷ್ಯಾದಿಂದ ಬಂದವು.

ಇಂಥ ಬಯಲನ್ನು ಕಾಗದಪತ್ರ ಬೀಳು ಭೂಮಿ ಎನ್ನುತ್ತದೆ. ಹಾಗೆಂದ ಮೇಲೆ ಗಿಡ ನೆಡುವುದು, ನಿವೇಶನ ಮಾಡುವುದು ಎರಡೂ ಪುಣ್ಯಕಾರ್ಯವಾಗಿಬಿಡುತ್ತವೆ. ಹುಲ್ಲುಗಾವಲಿಗೆ ನೆರಳೇ ಶತ್ರು ಎಂಬುದನ್ನು ಒಪ್ಪಲು ನಮಗೆ ಕಷ್ಟ. ಕರ್ನಾಟಕ ಈ ವಿಷಯದಲ್ಲಿ ತಡವಾಗಿಯಾದರೂ ಎಚ್ಚೆತ್ತಿದೆ: ಬಾಗಲಕೋಟೆಯ ಯಡಹಳ್ಳಿ 2016ರಲ್ಲಿ, ತುಮಕೂರಿನ ಬುಕ್ಕಾಪಟ್ಟಣ 2019ರಲ್ಲಿ ಚಿಂಕಾರ ಧಾಮಗಳಾದವು. ಎರಡೂ ಸುಪೆಗಿಂತ ಎಷ್ಟೋ ಪಟ್ಟು ದೊಡ್ಡವು.

ಹೋಗುವವರು ಬೆಳಗ್ಗೆ ಬೇಗ ಸುಪೆ ಸೇರಿ, ಬಿಸಿಲೇರುವ ಮುನ್ನ ನೋಡಿ ಮುಗಿಸುವುದು ಒಳ್ಳೆಯದು. ಎರಡು ದಿನ ಇಟ್ಟುಕೊಂಡು ರಾತ್ರಿ ಜೇಜುರಿಯಲ್ಲಿ ತಂಗಬಹುದು. ಊಟಕ್ಕೆ ಬಾಜ್ರಾ ರೊಟ್ಟಿ, ಪಿಠಲಾ ಎಲ್ಲೆಡೆ ಸಿಗುತ್ತದೆ. ಹಳೇ ಸ್ಕೂಟರಿನವರು ಸ್ಟೆಪ್ನಿಗೆ ಗಾಳಿ ಇದೆಯೇ ನೋಡಿಕೊಳ್ಳಿ, ಡಿಕ್ಕಿಯಲ್ಲಿ ಒಂದು ಪ್ಲಗ್ಗು, ಎಣ್ಣೆ ಬಾಟಲಿ ಇರಲಿ. ಕತ್ತಲಿಗೆ ಮುಂಚೆ ಮರಳಿ: ಕಬ್ಬಿನ ಹಂಗಾಮು, ಜೋಡಿ ಟ್ರೇಲರ್ ಎಳೆಯುವ ಟ್ರ್ಯಾಕ್ಟರುಗಳಲ್ಲಿ ಹಿಂದಿನ ದೀಪ ಉರಿಯುವವು ಕಡಿಮೆ.