ನಿಮಗಿದು ಗೊತ್ತೆ? ತೂಕ ಇಳಿದರೂ ಮೈ ಸಡಿಲ ಯಾಕೆ?

ಬರೀ ಊಟ ಕಡಿಮೆ ಮಾಡಿ ತೂಕ ಇಳಿಸಿದರೆ ಕೊಬ್ಬಿನ ಜೊತೆ ಸ್ನಾಯುವೂ ಕರಗುತ್ತದೆ. ತಕ್ಕಡಿಯ ಮುಳ್ಳು ಇಳಿದರೂ ಹೊಟ್ಟೆ, ತೋಳು ಮೆತ್ತಗೇ ಉಳಿಯುವುದು ಅದಕ್ಕೇ. ಒಂದು ಲೀಟರ್ ಜಾಗದಲ್ಲಿ ಕೊಬ್ಬು ಸುಮಾರು 900 ಗ್ರಾಂ ತೂಗಿದರೆ ಸ್ನಾಯು 1,060 ಗ್ರಾಂ. ಹಾಗಾಗಿ ತೂಕ ಅಷ್ಟೇ ಇದ್ದರೂ ಸ್ನಾಯು ಹೆಚ್ಚಿರುವ ಮೈ ಬಿಗಿಯಾಗಿ ಕಾಣುತ್ತದೆ.

ಸ್ನಾಯು ಉಳಿಯಲು ಭಾರ ಎತ್ತಬೇಕು. ಜಾತ್ರೆಯ ಗುಂಡುಕಲ್ಲು, ಗರಡಿಯ ದಂಡ-ಬೈಠಕ್ ನಮ್ಮ ಕಡೆ ಹೊಸದಲ್ಲ. ಎರಡಡಿ ಉದ್ದ, ಎರಡಡಿ ಅಗಲ, ಒಂದಿಂಚು ದಪ್ಪದ, ನೆಲಕ್ಕೆ ಹಾಸುವ ಶಹಾಬಾದ ಪರ್ಸಿ ಕಲ್ಲು ಸುಮಾರು 25 ಕೆಜಿ. ಖಣಿಯಲ್ಲಿ ಅದನ್ನು ದಿನವಿಡೀ ಎತ್ತಿಳಿಸುವವರ ಹೆಗಲು ನೋಡಿ. ಆದರೆ ಆ ಕೆಲಸ ಅವರ ಹೊಟ್ಟೆಪಾಡು, ಬೆನ್ನು ಸವೆಸುವ ದುಡಿಮೆ. ಹೊಸಬರು ನೇರ ಕಲ್ಲಿಗೆ ಕೈ ಹಾಕಬೇಡಿ. ಕೈಯೂರದೆ ಕುರ್ಚಿಯಿಂದ ಏಳುವುದು, ಗೋಡೆಗೆ ಕೈಯೂರಿ ದಂಡ, ಆಮೇಲೆ ನೀರು ತುಂಬಿದ ಬಾಟಲಿ, ಹೀಗೆ ಭಾರ ಏರಲಿ. ಸ್ನಾಯು ಬಲಪಡಿಸುವ ಇಂಥ ವ್ಯಾಯಾಮ ವಾರಕ್ಕೆ ಕನಿಷ್ಠ 2 ದಿನ ಇರಲಿ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿ.

ಸ್ನಾಯುವಿಗೆ ಪ್ರೋಟೀನ್ ಕೂಡ ಬೇಕು. ರೊಟ್ಟಿಯ ಜೊತೆ ನಮ್ಮ ತೊಗರಿ ಬೇಳೆ ಗಟ್ಟಿಯಾಗಿರಲಿ: 100 ಗ್ರಾಂ ಒಣ ಬೇಳೆಯಲ್ಲಿ ಸುಮಾರು 22 ಗ್ರಾಂ ಪ್ರೋಟೀನ್ ಇದೆ. ಬಿ.ಪಿ. ಇದ್ದವರು ವ್ಯಾಯಾಮ ಶುರುಮಾಡುವ ಮೊದಲು ಡಾಕ್ಟರನ್ನು ಕೇಳಿ. ಭಾರ ಎತ್ತುವಾಗ ಉಸಿರು ಬಿಗಿಹಿಡಿಯಬೇಡಿ.