ಚಿನ್ನದ ಊರು, ದ್ರಾಕ್ಷಿಯ ನಾಡು: ವರ್ತಕರಿಗೊಂದು ಪಾಠ

ವ್ಯವಹಾರಕ್ಕಾಗಿ ಬೆಂಗಳೂರಿಗೆ ಹೋಗುವ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯ ವರ್ತಕ ಬಾಂಧವರು ಕೋಲಾರದ ಚಿನ್ನದ ಗಣಿ ಹಾಗೂ ನಂದಿ ಕಣಿವೆಯನ್ನೂ ನೋಡಿಬರುವುದು ಉಪಯುಕ್ತ.

ಕೋಲಾರದಲ್ಲಿ 1880ರಲ್ಲಿ ಜಾನ್ ಟೇಲರ್ ಕಂಪನಿಯು ಆಧುನಿಕ ಗಣಿಗಾರಿಕೆ ಆರಂಭಿಸಿತು. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಅಲ್ಲಿಗೆ ಹರಿಯಿತು. ಅದಿರಿನ ಸತ್ವ ಕುಗ್ಗಿ, ವೆಚ್ಚ ಏರಿ, 2001ರ ಫೆಬ್ರವರಿ 28ರಂದು ಗಣಿ ಮುಚ್ಚಿದಾಗ ಅದನ್ನೇ ನೆಚ್ಚಿದ್ದ ಪೇಟೆಯೂ ಸೊರಗಿತು.

ನಂದಿ ಕಣಿವೆಯಲ್ಲಿ 1988ರಲ್ಲಿ ಗ್ರೋವರ್ ಸಂಸ್ಥೆ ಸ್ಥಾಪನೆಯಾಯಿತು. ಅಲ್ಲಿ ದ್ರಾಕ್ಷಿಯು ವೈನ್ ಆಗಿಯೂ, ತೋಟವು ಪ್ರವಾಸಿ ತಾಣವಾಗಿಯೂ ಆದಾಯ ತರುತ್ತದೆ. ನಮ್ಮ ಜಿಲ್ಲೆಯ ದ್ರಾಕ್ಷಿಯಾದರೋ ಬಹುಪಾಲು ಒಣದ್ರಾಕ್ಷಿಯಾಗಿಯೇ ಮಾರುಕಟ್ಟೆ ಸೇರುತ್ತದೆ.

ಉತ್ತಮ ವೈನಿಗೆ ಕ್ಯಾಬರ್ನೆ, ಶಿರಾಜ್‌ನಂತಹ ಪ್ರತ್ಯೇಕ ತಳಿಗಳು ಬೇಕು. ಆದುದರಿಂದ ನಾಟಿಗೆ ಮುನ್ನವೇ ಖರೀದಿ ಒಪ್ಪಂದ ಮಾಡಿಕೊಳ್ಳುವುದು ಲೇಸು. ಒಂದೇ ಸರಕನ್ನು ನಂಬಿದ ಪೇಟೆಗೆ ಕೋಲಾರವೇ ಎಚ್ಚರಿಕೆ.