80 ದಾಟಿದರೆ ನಡುಗುವ ಪಿಕಪ್: ಬಿಲ್ಲಿಗೂ ಮೊದಲು ಪರೀಕ್ಷೆ ಆಗಲಿ

ದಾವಣಗೆರೆಯ ನಿಜಲಿಂಗಪ್ಪ ಬಡಾವಣೆಯ ಒಳರಸ್ತೆಗಳಲ್ಲಿ ತೆಪ್ಪಗೆ ಓಡುವ ಪಿಕಪ್ ಗಾಡಿ, ಹೆದ್ದಾರಿ 48 ಹತ್ತಿ ಹರಿಹರದ ಕಡೆ 80 ಕಿ.ಮೀ. ವೇಗ ಮುಟ್ಟಿದ ಕೂಡಲೇ ಗಡಗಡ ನಡುಗುತ್ತೆ. ಗ್ಯಾರೇಜಿಗೆ ಒಯ್ದರೆ ಮೊದಲು ವೀಲ್ ಬ್ಯಾಲೆನ್ಸಿಂಗ್, ಆಮೇಲೆ ಹೊಸ ಟೈರು, ಆಮೇಲೆ ಬೇರಿಂಗ್. ಎಷ್ಟೋ ಸಲ ಇಷ್ಟೆಲ್ಲ ಆದಮೇಲೂ ನಡುಕ ಹಾಗೇ ಇರುತ್ತೆ. ಈ ಒಂದೊಂದು ಊಹೆಗೂ ದುಡ್ಡು ಕೊಡೋದು ಸಾಲದ ಕಂತು ಕಟ್ಟುತ್ತಾ ಗಾಡಿ ಓಡಿಸುವ ಚಾಲಕ.

ಊಹೆ ಬೇಕಾಗಿಲ್ಲ, ಲೆಕ್ಕ ಸಾಕು. 215/75 ಆರ್15 ಅಳತೆಯ ಟೈರಿನ ಸುತ್ತಳತೆ ಸುಮಾರು 2.2 ಮೀಟರ್. 80ರ ವೇಗ ಅಂದ್ರೆ ಸೆಕೆಂಡಿಗೆ 22 ಮೀಟರ್. ಅಲ್ಲಿಗೆ ಚಕ್ರ ಸೆಕೆಂಡಿಗೆ 10 ಸುತ್ತು ತಿರುಗುತ್ತೆ. ಹಿಂದಿನ ಆಕ್ಸಲ್‌ನ ಗೇರ್ ಅನುಪಾತ 4 ಇದ್ದರೆ ಪ್ರೊಪೆಲ್ಲರ್ ಶಾಫ್ಟ್ 40 ಸುತ್ತು. ಹಾಗಾಗಿ ಚಕ್ರದ ದೋಷ ಮೈ ಕುಲುಕಿಸುತ್ತೆ, ಶಾಫ್ಟಿನ ದೋಷ ಕಾಲಡಿ ಗುಂಯ್‌ಗುಡುತ್ತೆ.

ರಿಮ್ಮಿನ ಅಂಚಲ್ಲಿ 50 ಗ್ರಾಂ ಹೆಚ್ಚುಕಮ್ಮಿ ಇದ್ದರೂ ಈ ವೇಗದಲ್ಲಿ ಅದು ಸುಮಾರು 4 ಕೆ.ಜಿ. ತೂಕದಷ್ಟು ಬಲದಿಂದ ಚಕ್ರವನ್ನು ಎಳೆಯುತ್ತೆ. ವೇಗ ಅರ್ಧವಾದರೆ ಆ ಬಲ ಕಾಲು ಭಾಗಕ್ಕೆ ಇಳಿಯುತ್ತೆ. ಬಡಾವಣೆಯೊಳಗೆ ನಡುಕ ಗೊತ್ತಾಗದೇ ಇರೋದು ಇದಕ್ಕೇ.

ಬೋಲ್ಟ್ ಬಿಚ್ಚುವ ಮೊದಲು

ಬ್ರೇಕ್ ಒತ್ತಿದಾಗ ಮಾತ್ರ ನಡುಗಿದರೆ ಮೊದಲು ಡಿಸ್ಕ್, ಡ್ರಮ್ ನೋಡಿ.

ಅದೇ ವೇಗದಲ್ಲಿ ಒಂದು ಗೇರ್ ಇಳಿಸಿ. ಎಂಜಿನ್ ಸದ್ದು ಏರಿದರೂ ನಡುಕ ಬದಲಾಗದಿದ್ದರೆ ತಪ್ಪು ಎಂಜಿನ್‌ದಲ್ಲ.

ಸ್ಟೀರಿಂಗ್ ಅಲುಗಿದರೆ ಅನುಮಾನ ಮುಂದಿನ ಚಕ್ರಗಳ ಮೇಲೆ. ಸೀಟು, ನೆಲ ಅದುರಿದರೆ ಹಿಂದಿನ ಚಕ್ರ ಅಥವಾ ಶಾಫ್ಟ್ ಮೇಲೆ.

ಮುಂದಿನ ಚಕ್ರಗಳನ್ನು ಹಿಂದಕ್ಕೆ, ಹಿಂದಿನವನ್ನು ಮುಂದಕ್ಕೆ ಹಾಕಿ ನೋಡಿ. ನಡುಕವೂ ಜಾಗ ಬದಲಿಸಿದರೆ ದೋಷ ಚಕ್ರದಲ್ಲೇ ಇದೆ. ಖರ್ಚು ಕೂಲಿ ಮಾತ್ರ.

ಬ್ಯಾಲೆನ್ಸಿಂಗ್ ಯಂತ್ರ ತೂಕ ಸರಿ ಮಾಡುತ್ತೆ, ಆಕಾರ ಸರಿ ಮಾಡಲ್ಲ. ಬಾಗಿದ ರಿಮ್, ಒಳಪದರ ಬಿಟ್ಟು ಉಬ್ಬಿದ ಟೈರು ಸೀಸದ ತುಂಡು ಅಂಟಿಸಿದರೂ ನಡುಗುತ್ತವೆ. ಅದನ್ನು ಹಿಡಿಯೋಕೆ ಡಯಲ್ ಗೇಜ್ ಬೇಕು. ಮೈಸೂರು ಕಿರ್ಲೋಸ್ಕರ್ ಕಾಲದಲ್ಲಿ ಲೇತ್ ಯಂತ್ರ ತಯಾರಿಸಿದ ಹರಿಹರಕ್ಕೆ ಈ ಉಪಕರಣ ಹೊಸದೇನಲ್ಲ.

ಶಾಫ್ಟ್ ಆಗಿದ್ದರೆ?

ಯು-ಜಾಯಿಂಟ್ ಸವೆದಿದೆಯಾ, ಸೆಂಟರ್ ಬೇರಿಂಗ್ ಸಡಿಲಾಗಿದೆಯಾ ನೋಡಬೇಕು. ಜೊತೆಗೆ ಇನ್ನೊಂದು ಪ್ರಶ್ನೆ: ಹಿಂದೆ ಹೆಚ್ಚುವರಿ ಸ್ಪ್ರಿಂಗ್ ಪಟ್ಟಿ ಹಾಕಿಸಿದ್ದೀರಾ? ಹಾಕಿಸಿದ್ದರೆ ಖಾಲಿ ಗಾಡಿಯ ಹಿಂಭಾಗ ಎತ್ತರಕ್ಕೆ ನಿಲ್ಲುತ್ತೆ, ಶಾಫ್ಟಿನ ಕೋನ ಕೆಡುತ್ತೆ, ಜಾಯಿಂಟು ಪ್ರತಿ ಸುತ್ತಿಗೆ ಎರಡು ಸಲ ಅದುರುತ್ತೆ.

ಆ ಪಟ್ಟಿ ಯಾಕೆ ಬಂತು? ಮಿತಿ ಮೀರಿ ಲೋಡ್ ಹೊರೋಕೆ. ಅಷ್ಟು ಲೋಡ್ ಹೊರದಿದ್ದರೆ ಬಾಡಿಗೆ ಬೇರೆ ಗಾಡಿಗೆ ಹೋಗುತ್ತೆ. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯಲ್ಲಿ ಓವರ್‌ಲೋಡಿಗೆ ₹20,000 ದಂಡ, ಮೇಲೆ ಹೆಚ್ಚುವರಿ ಟನ್ನಿಗೆ ₹2,000. ಓಡಿಸಿದವರಷ್ಟೇ ಅಲ್ಲ, ಓಡಿಸುವಂತೆ ಮಾಡಿದವರೂ ಹೊಣೆ ಅನ್ನುತ್ತೆ ಅದೇ ಕಾಯ್ದೆ. ಆ ಎರಡನೇ ಮಾತು ಜಾರಿಯಾಗದೆ ಚಾಲಕರಿಗೆ ದಂಡ ಹಾಕುತ್ತಾ ಹೋದರೆ ಪಟ್ಟಿಗಳು ಕಮ್ಮಿಯಾಗಲ್ಲ.

ಅಲ್ಲೀವರೆಗೆ ಗ್ಯಾರೇಜಿನಲ್ಲಿ ಒಂದು ಪ್ರಶ್ನೆ ಕೇಳೋಣ: "ಈ ಪಾರ್ಟು ಹೋಗಿದೆ ಅಂತ ಯಾವ ಪರೀಕ್ಷೆ ಮಾಡಿ ಹೇಳ್ತಿದೀರಿ, ಅಣ್ಣಾ?" ಉತ್ತರ ಸಿಕ್ಕ ಮೇಲೆ ಪಾರ್ಟು ಬದಲಿಸಿದರಾಯ್ತು.